ಶನಿಯಾರನ ಹಲಗೆ

ಕಾಗಾಲ ದಾಟಿ ನದಿಯ ಕಡೆ ಇನ್ನೊಂದೆರಡು ಮೈಲು ಹೋದರೆ ಡಾಂಬರು ರಸ್ತೆ ಹೇಳದೆ ಕೇಳದೆ ನಿಂತುಬಿಡುತ್ತದೆ. ಮುಂದೆ ಊರಿಲ್ಲ, ಬರೀ ನೀರು. ರಸ್ತೆ ನಿಂತ ಆ ಜಾಗಕ್ಕೆ ಸಣ್ಣಕುರ್ವೆ ಅಂತ ಹೆಸರು. ನೂರ ಮೂವತ್ತು ಮನೆ, ಎರಡು ಗೂಡಂಗಡಿ, ಒಂದು ಅಕ್ಕಿ ಗಿರಣಿ, ಒಂದು ಶಾಲೆ, ಮತ್ತೆ ಊರನ್ನು ಮೂರು ಕಡೆಯಿಂದ ಅವುಚಿಕೊಂಡ ಒಂದು ಮಣ್ಣಿನ ಕಟ್ಟೆ. ಕಟ್ಟೆಯ ಆಚೆಗೆ ಅಘನಾಶಿನಿಯ ಉಪ್ಪುನೀರು, ಈಚೆಗೆ ಗಜನಿ. ಗಜನಿ ಅಂದರೆ ಮಳೆಗಾಲದಲ್ಲಿ ಕಗ್ಗ ಭತ್ತ, ಬೇಸಿಗೆಯಲ್ಲಿ ಮೀನು ಮತ್ತು ಶೆಟ್ಲಿ ಅನ್ನುವ ಸಿಗಡಿ ಕೊಡುವ ಭೂಮಿ. ಒಂದೇ ಗದ್ದೆಗೆ ಎರಡು ಸಂಸಾರ.

ಇಷ್ಟು ಸಣ್ಣ ಊರಿಗೂ ಇತಿಹಾಸ ಅಂತ ಒಂದಿರುತ್ತದೆ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆಡಿಸಿದವರು ಶಾಲೆಯ ಮುಖ್ಯಾಧ್ಯಾಪಕಿ ವನಮಾಲಾ ಅಕ್ಕೋರು. ಶಾಲೆಗೆ ನೂರು ವರ್ಷ ತುಂಬುತ್ತದೆ, ಒಂದು ಸ್ಮರಣ ಸಂಚಿಕೆ ತರಬೇಕು, ಮನೆಗೊಂದು ಪ್ರತಿ ಕೊಡಬೇಕು, ಅದರಲ್ಲಿ ಎರಡು ಪುಟ ಊರಿನ ಪರಿಚಯ ಇರಬೇಕು ಅಂತ ಅವರು ಸಭೆಯಲ್ಲಿ ಹೇಳಿದರು. "ಯಾರು ಬರೀತ್ರಿ?" ಅಂದಾಗ ಸಭೆಗೆ ಸಭೆಯೇ ಮೊದಲು ಮಾಡಿನ ಹಂಚು ನೋಡಿತು, ಆಮೇಲೆ ಅಣ್ಣಪ್ಪನ ಮುಖ ನೋಡಿತು.

ಅಣ್ಣಪ್ಪ ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವ. ಬೆಳಿಗ್ಗೆ ಊರಿನಿಂದ ಕುಮಟೆ, ಕುಮಟೆಯಿಂದ ಹೊನ್ನಾವರ, ಹೊನ್ನಾವರದಿಂದ ಭಟ್ಕಳ, ತಿರುಗಿ ಕುಮಟೆ, ರಾತ್ರಿಗೆ ಊರು. ಓದಿದ್ದು ಇದೇ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ. ಆಮೇಲೆ ಓದಿದ್ದೆಲ್ಲ ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಪೇಪರು, ಶೇಂಗಾ ಕಟ್ಟಿದ ಕಾಗದ, ಮತ್ತೆ ಜನರ ಬಾಯಿ. ಭಟ್ಕಳದಲ್ಲಿ ಹತ್ತಿದವರ ಹತ್ತಿರ ನವಾಯತಿಯಲ್ಲಿ ನಾಲ್ಕು ಮಾತಾಡುತ್ತಿದ್ದ, ಹೊನ್ನಾವರದಲ್ಲಿ ಹತ್ತಿದವರ ಹತ್ತಿರ ಕೊಂಕಣಿಯಲ್ಲಿ ಜಗಳ ಮಾಡುತ್ತಿದ್ದ. ಅಂಥವನಿಗೆ ಎರಡು ಪುಟ ಎಲ್ಲಿಗೆ ಸಾಲಬೇಕು?

ಒಂದು ತಿಂಗಳು ಮನೆಮನೆ ತಿರುಗಿದ. ಇತಿಹಾಸಕ್ಕೇನು ಬರವಿರಲಿಲ್ಲ. ಊರಿಗೆ ಮೊದಲು ಬಂದವರು ಯಾರು ಅಂದರೆ ಮೂರು ಕೇರಿಯವರು ಮೂರು ಕಥೆ ಹೇಳಿದರು, ಮೂರರಲ್ಲೂ ಉಳಿದ ಎರಡು ಕೇರಿಯವರು ತಡವಾಗಿ ಬಂದಿದ್ದರು. ಮುಂಬಯಿ ಸರ್ಕಾರದ ಕಾಲದಲ್ಲಿ ಕಟ್ಟೆ ನೋಡಲು ಬಂದ ಒಬ್ಬ ಬಿಳಿ ಸಾಹೇಬನ ಕಥೆಯಂತೂ ಎಲ್ಲ ಮನೆಯಲ್ಲೂ ಸಿಕ್ಕಿತು. ಇಳತದಲ್ಲಿ ನೀರು ಇಳಿದ ಹೊತ್ತಿಗೆ ದೋಣಿಯಿಂದ ಕಾಲು ಕೆಳಗಿಟ್ಟ ಸಾಹೇಬ ಸೊಂಟದವರೆಗೆ ಕೆಸರಲ್ಲಿ ಹುಗಿದು, ಮುಂದಿನ ಭರತದ ನೀರು ಏರಿ ಬಂದು ಎತ್ತುವವರೆಗೆ ಕೊಡೆ ಬಿಡಿಸಿಕೊಂಡು ನಿಂತಿದ್ದನಂತೆ. ಅವನಿಗೆ ಎಳನೀರು ಕೊಟ್ಟದ್ದು ತಮ್ಮ ಅಜ್ಜನೇ ಅಂತ ಏಳು ಮನೆಯವರು ಆಣೆ ಹಾಕಿ ಹೇಳಿದರು. ಏಳು ಎಳನೀರು ಕುಡಿದು ಆರು ತಾಸು ಕೆಸರಲ್ಲಿ ನಿಂತ ಸಾಹೇಬನ ಗತಿ ಏನಾಯಿತೆಂದು ಅಣ್ಣಪ್ಪ ಬರೆಯಲಿಲ್ಲ; ಶಾಲೆಯ ಪುಸ್ತಕವಲ್ಲವೇ.

ಊರಿನ ಸ್ವಭಾವವನ್ನೂ ಬರೆದ. ಸಣ್ಣಕುರ್ವೆಯವರಿಗೆ ದೂರ ಅಳೆಯಲು ಮೈಲು ಬೇಡ, "ಅರ್ಧ ಭರತದಲ್ಲಿ ಹೋಗಿ ಬರಬಹುದು" ಅಂದರೆ ಆಯಿತು. ಅವರಿಗೆ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ, ಇನ್ನೊಂದು ಪ್ರಶ್ನೆ ಸಿಗುತ್ತದೆ. ಬಸ್ಸು ಎಷ್ಟೊತ್ತಿಗೆ ಅಂದರೆ "ಯಾರ ಮನೆಗೆ ಬಂದಿದ್ರಿ?" ಅನ್ನುತ್ತಾರೆ. ೧೯೭೩ರ ಆಗಸ್ಟ್ ಹದಿನೈದಕ್ಕೆ ಈಗಿನ ಶಾಲಾ ಕಟ್ಟಡ ಉದ್ಘಾಟನೆಯಾದದ್ದನ್ನು ಬರೆದ: "ಕುಮಟೆಯಿಂದ ಸಾಹೇಬರು ದೋಣಿಯಲ್ಲಿ ಬಂದರು. ಊರಿಗೆ ಊರೇ ಪಂಕ್ತಿಯಲ್ಲಿ ಕೂತು ಉಂಡ ಆ ಶೆಟ್ಲಿ ಸಾರಿನ ರುಚಿ ಈ ಲೇಖಕನಿಗೆ ಇಂದಿಗೂ ಮರೆತಿಲ್ಲ." ಆಮೇಲೆ ಊರಿನ ಗಾದೆಗಳಿಗೆ ಅಂತ ಅರ್ಧ ಪುಟ ಇಟ್ಟ. ಅದರ ಮೊದಲ ಗಾದೆ, ಅವನಿಗೆ ಬಹಳ ಪ್ರೀತಿಯದ್ದು: "ಶನಿಯಾರ ಹಲಗೆ ಹಾಕಿದ ಹಾಗೆ."

ಈ ಮಾತು ಊರಲ್ಲಿ ದಿನಕ್ಕೆ ಹತ್ತು ಸಲ ಬೀಳುತ್ತದೆ. ಕದ ಸರಿಯಾಗಿ ಕೂರದಿದ್ದರೆ ಶನಿಯಾರನ ಹಲಗೆ. ಹೊಲಿಗೆ ಬಿಟ್ಟ ಅಂಗಿ ಶನಿಯಾರನ ಹಲಗೆ. ಮಾಡಿದ ಕೆಲಸ ಅರ್ಧ ತಾಸಿಗೆ ಕಳಚಿಕೊಂಡರೆ ಅದೂ ಶನಿಯಾರನ ಹಲಗೆ. ಅಣ್ಣಪ್ಪ ಅದಕ್ಕೆ ವಿವರಣೆಯನ್ನೂ ಬರೆದಿದ್ದ: "ಹಿಂದೆ ಗಜನಿಯ ಬಾಗಿಲು, ಅಂದರೆ ಕಟ್ಟೆಯಲ್ಲಿ ನೀರು ಬಿಡುವ ತೂಬು, ಕಾಯುವವನೊಬ್ಬ ಹಲಗೆ ಓರೆಯಾಗಿ ಹಾಕಿದ್ದರಿಂದ ಕಟ್ಟೆ ಒಡೆದು, ಅರವತ್ತು ಎಕರೆ ಭತ್ತ ಉಪ್ಪುನೀರಿನ ಪಾಲಾಯಿತು. ಅಂದಿನಿಂದ ಊರವರ ನಗೆಮಾತು."

ಬರೆದದ್ದನ್ನು ಗೂಡಂಗಡಿಯ ಬೆಂಚಿನ ಮೇಲೆ ಕೂತು ಓದಿ ಹೇಳಿದ. ಜನ ನಕ್ಕರು. ಗಿರಣಿಯ ನರೇಶ, ಈಗ ಶಾಲಾ ಸಮಿತಿಯ ಅಧ್ಯಕ್ಷ ಅವನೇ, ಗಾದೆಯ ಹತ್ತಿರ ಬಂದಾಗ ಚಾ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ. "ಅಣ್ಣಪ್ಪ ಮಾಮ, ಇದನ್ನ ಮೊದಲ್ನೇ ಪುಟಕ್ಕೆ ಹಾಕು!" ಅಂದ. ಸೋಮವಾರ ಹೊನ್ನಾವರದ ಪ್ರೆಸ್ಸಿಗೆ ಕೊಡುವುದು, ಅದಕ್ಕೆ ಮೊದಲು ಭಾನುವಾರ ಸಮಿತಿ ಸಭೆಯಲ್ಲಿ ಒಂದು ಸಲ ಓದುವುದು ಅಂತ ನಿರ್ಣಯವಾಯಿತು.

ಮರುದಿನ ಗುರುವಾರ. ಬೆಳಿಗ್ಗೆ ಅಣ್ಣಪ್ಪ ಜಗುಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದಾಗ ನೀಲಾ ಬಂದಳು. ಅರವತ್ತೆರಡು ವರ್ಷದ ಹೆಂಗಸು. ನದಿಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಕುಮಟೆ ಪೇಟೆಗೆ ಒಯ್ದು ಮಾರುವುದು ಅವಳ ಕೆಲಸ. ಇಪ್ಪತ್ತು ವರ್ಷ ಅಣ್ಣಪ್ಪನ ಬಸ್ಸಿನಲ್ಲೇ ಹೋಗಿ ಬಂದವಳು. ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು ನಿಂತೇ ಇದ್ದಳು.

"ಕೂತ್ಕಳೇ ನೀಲಾ. ಚಾ ಹಾಕೂಕೆ ಹೇಳ್ತೆ."

"ಬ್ಯಾಡ. ಅಣ್ಣಾ, ಪುಸ್ತಕದಲ್ಲಿ ನಮ್ಮಪ್ಪನ ಹೆಸ್ರು ಹಾಕಿದ್ಯಂತೆ."

"ನಿಮ್ಮಪ್ಪಂದಾ? ಎಲ್ಲಿ?" ಅಂದ ಅಣ್ಣಪ್ಪ.

ಮಾತು ಹೊರಗೆ ಬಿದ್ದ ಮೇಲೆ ಅವನಿಗೆ ಹೊಳೆಯಿತು. ಶನಿಯಾರ ಅನ್ನುವುದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯನಿಗೆ ಒಬ್ಬಳು ಮಗಳು. ಆ ಮಗಳು ಇವಳು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಹೇಳಿ ಹೇಳಿ ಸವೆದ ಮಾತಿನೊಳಗೆ ಆ ಮನುಷ್ಯ ಎಲ್ಲೋ ಹೂತುಹೋಗಿದ್ದ, ದಿನಾ ತುಳಿಯುವ ಮೆಟ್ಟಿಲು ಒಂದು ಕಾಲಕ್ಕೆ ಕಲ್ಲಾಗಿತ್ತು ಅಂತ ಯಾರಿಗೂ ನೆನಪಾಗದ ಹಾಗೆ.

"ಅದು ಗಾದೆ ನೀಲಾ," ಅಂದ, ದನಿ ತಗ್ಗಿಸಿ. "ಯಾರೂ ನಿಮ್ಮಪ್ಪ ಅಂತ ತಿಳ್ಕಂಡು ಹೇಳೂದಿಲ್ಲ."

"ಗೊತ್ತದೆ. ತಿಳ್ಕಂಡು ಹೇಳಿದ್ರೆ ಹಿಂಗೆ ನಗ್ತಿರ್ಲಿಲ್ಲ." ನೀಲಾಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಬಸ್ಸಿನ ಬಾಗ್ಲು ಹಾಕ್ಕಳ್ದೆ ಇದ್ದಾಗೆಲ್ಲ ನೀ ಕೂಗ್ತಿದ್ದೆ, ಎಂತದಾ ಇದು ಶನಿಯಾರನ ಹಲಗೆ, ಅಂತ. ಮೊದ್ಲು ನಮ್ಮೂರವರು ನಗ್ತಿದ್ರು. ಆಮೇಲೆ ಕುಮಟೆಯವರು ನಗೂಕೆ ಶುರು ಮಾಡಿದ್ರು. ಈಗ ಹೊನ್ನಾವರದ ಸಂತೇಲೂ ಹೇಳ್ತರು. ನಾ ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡ್ಕಂಡು ಕೂತಿರ್ತಿದ್ದೆ."

"ಒಂದಿನ ಆದ್ರೂ ಹೇಳೂಕೆ ಎಂತ ಆಗಿತ್ತು ನಿಂಗೆ?"

"ಹೇಳಿದ್ರೆ ನಾ ಶನಿಯಾರನ ಮಗಳು ಅಂತ ಬಸ್ಸಿಗೆಲ್ಲ ಗೊತ್ತಾಗ್ತಿತ್ತಲ್ಲ."

ಅಣ್ಣಪ್ಪನ ಚಾ ತಣ್ಣಗಾಯಿತು. ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಮೂರು ತಾಲೂಕು ತಿರುಗುತ್ತ ಊರಿನ ಒಂದು ಮಾತನ್ನು ಅವನೇ ಹಂಚಿದ್ದ, ಟಿಕೆಟಿನ ಜೊತೆ ಪುಕ್ಕಟೆಯಾಗಿ.

"ಬಾಯಿ ಮಾತು ಬಾಯಲ್ಲೇ ಸಾಯ್ತದೆ," ಅಂದಳು ನೀಲಾ. "ಇವತ್ತಲ್ಲ ನಾಳೆ. ಅಚ್ಚಾದದ್ದು ಸಾಯ್ತದಾ? ಮನೆಗೊಂದು ಪುಸ್ತಕ ಅಂತೆ. ನಮ್ಮನೆಗೂ ಒಂದು ಬರ್ತದೆ. ಎಲ್ಲಿಡ್ಲಿ ನಾ ಅದನ್ನ?"

"ತೆಗ್ದುಬಿಡ್ತೆ. ಇವತ್ತೇ ತೆಗೀತೆ."

"ತೆಗೆಯೂಕೆ ಮುಂಚೆ ಒಂದು ಕೇಳ್ಕಂಡು ಬಾ. ಶಾಲೆ ಉದ್ಘಾಟನೆ ದಿನ ಶೆಟ್ಲಿ ಸಾರು ಉಂಡೆ ಅಂತ ಬರ್ದಿದ್ಯಲ್ಲ. ಆಗಸ್ಟಿನಲ್ಲಿ ಸಮುದ್ರಕ್ಕೆ ದೋಣಿ ಇಳೀತದಾ? ಮಳೆಗಾಲದಲ್ಲಿ ಊರಿಗೆ ಊರೇ ಉಂಬಷ್ಟು ಶೆಟ್ಲಿ ಎಲ್ಲಿಂದ ಬಂತು ಅಂತ ಮಾಬ್ಲಣ್ಣನ್ನ ಕೇಳು. ಅದನ್ನ ತರಿಸಿದವರಲ್ಲಿ ಈಗ ಬದುಕಿದ್ದವ ಅವ ಒಬ್ಬನೇ." ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡು, "ಬಸ್ಸಿಗೆ ಹೊತ್ತಾತು," ಅಂತ ನಡೆದಳು.

ಅಣ್ಣಪ್ಪ ಒಳಗೆ ಹೋಗಿ ತನ್ನ ಹಾಳೆ ತೆಗೆದು ನೋಡಿದ. ಆಗಸ್ಟ್ ಹದಿನೈದರ ಶೆಟ್ಲಿ ಸಾರು ಮೂರನೇ ಹಾಳೆಯಲ್ಲಿತ್ತು. ಒಡೆದ ಕಟ್ಟೆ ನಾಲ್ಕನೇ ಹಾಳೆಯಲ್ಲಿತ್ತು. ಎರಡೂ ಒಂದೇ ಮಳೆಗಾಲದ್ದು ಎಂಬುದು ತಿಂಗಳಿಡೀ ಬರೆದ ಅವನಿಗೇ ಹೊಳೆದಿರಲಿಲ್ಲ.

ಮಾಬ್ಲನಿಗೆ ಈಗ ಎಂಬತ್ತೇಳು. ಕಿವಿ ಮಂದ, ಕಣ್ಣು ಚುರುಕು, ನಾಲಗೆ ಇನ್ನೂ ಚುರುಕು. ಅಣ್ಣಪ್ಪ ಹೋದಾಗ ಅಂಗಳದಲ್ಲಿ ಕೂತು ಕಸಬರಿಗೆ ಕಟ್ಟಲೆಂದು ತೆಂಗಿನ ಗರಿಯ ಕಡ್ಡಿ ಹೆರೆಯುತ್ತಿದ್ದ. ಅಣ್ಣಪ್ಪ ಸುತ್ತು ಬಳಸಲಿಲ್ಲ, ಕೂಗಿಯೇ ಕೇಳಿದ.

"ಮಾಬ್ಲಣ್ಣ, ಶಾಲೆ ಉದ್ಘಾಟನೆ ದಿನದ ಶೆಟ್ಲಿ ಎಲ್ಲಿಂದ ಬಂತು?"

ಕಡ್ಡಿ ಹೆರೆಯುವ ಕತ್ತಿ ನಿಂತಿತು. "ಐವತ್ತೆರಡು ವರ್ಷ ಆದ್ಮೇಲೆ ಟಿಕೆಟ್ ಚೆಕ್ ಮಾಡೂಕೆ ಬಂದ್ಯನಾ ಕಂಡಕ್ಟ್ರಾ?"

"ಹೌದು, ಬಂದೆ."

"ಮತ್ತೆಂತ, ಗಜನಿ ಶೆಟ್ಲಿ." ಮಾಬ್ಲ ಕತ್ತಿ ಕೆಳಗಿಟ್ಟ. "ಸಾಹೇಬ್ರು ಮೀನಿಲ್ದೆ ಉಂಬೂದಿಲ್ಲ ಅಂತ ಮೊದ್ಲೇ ಹೇಳಿ ಕಳ್ಸಿದ್ರು. ನಮ್ಮಲ್ಲಿ ಅರ್ಧ ಜನ ಶ್ರಾವಣ ಅಂತ ಬಾಯಿ ಕಟ್ಟಿದ್ರು, ಸಾಹೇಬ್ರು ಕಟ್ಟಿರ್ಲಿಲ್ಲ. ಮೀನು ಬಂತು ಅಂದ್ಕೂಡ್ಲೆ ನಮ್ಮವರೂ ಬಿಚ್ಚಿದ್ರು, ಆ ಮಾತು ಬೇರೆ. ಸಮುದ್ರ ನೋಡಿದ್ರೆ ಹುಚ್ಚಾಗದೆ. ಕಟ್ಟೆ ಸಮಿತಿ ಐದು ಜನ ಕೂತ್ಕಂಡ್ರು, ಅದ್ರಲ್ಲಿ ನಾನೂ ಒಬ್ಬ. ನರೇಶನ ಅಜ್ಜ ಯಜಮಾನ. ಒಂದು ಭರತಕ್ಕೆ ಗಜನಿ ಬಾಗ್ಲು ತೆಗ್ದಿಟ್ರೆ ಶೆಟ್ಲಿ ಒಳಗೆ ಬರ್ತದೆ, ಇಳತಕ್ಕೆ ಬಲೆ ಕಟ್ಟಿದ್ರೆ ಆತು, ಅಂದ. ಎಲ್ಲರೂ ಹೂಂ ಅಂದ್ರು. ಶನಿಯಾರನಿಗೆ ಹೇಳೂಕೆ ಹೋದವ ನಾನೇ."

"ಅವ ಎಂತ ಅಂದ?"

"ಬ್ಯಾಡ ಅಂದ. ಘಟ್ಟದ ಮೇಲೆ ಮಳೆ ಬಿದ್ದದೆ, ನೀರು ಕೆಂಪು ಬರ್ತಾ ಅದೆ, ಮೇಲಿಂದ ನೂಲ ಹುಣ್ಣಿಮೆ ಭರತ, ಇವತ್ತು ಬಾಗ್ಲು ತೆಗ್ದ್ರೆ ಬುಡ ಹೋಗ್ತದೆ ಅಂದ. ನೀ ಬಾಗ್ಲು ಕಾಯವ, ಪಂಚಾಂಗ ಹೇಳೂದು ಬ್ಯಾಡ, ಅಂದೆ ನಾನು." ಮಾಬ್ಲ ಮಡಿಲಿನ ಕಡ್ಡಿ ಚೂರು ಕೊಡವಿದ. "ತೆಗ್ದ. ನಾಕು ಬುಟ್ಟಿ ಸಿಕ್ತು. ಚೊಲೋ ಶೆಟ್ಲಿ, ಸುಳ್ಳು ಹೇಳೂದಿಲ್ಲ. ಇಳತಕ್ಕೆ ತಿರುಗಿ ಹಲಗೆ ಹಾಕ್ದ, ಸರಿಯಾಗೇ ಹಾಕ್ದ. ಆದ್ರೆ ಬಾಗ್ಲ ಬುಡದ ಕಲ್ಲೇ ಸಡ್ಲ ಆಗಿತ್ತಲ್ಲ. ಎರಡು ಭರತ ತಡೀತು. ನಾವು ಉಂಡು ಮಲಗಿದ ರಾತ್ರಿ ಹೋತು."

ಕಗ್ಗ ಉಪ್ಪು ತಡೆಯುವ ಭತ್ತ, ನಿಜ. ಆದರೆ ಒಡೆದ ಕಟ್ಟೆ ಕಟ್ಟಲಿಕ್ಕೆ ಎಂಟು ದಿನ ಹಿಡಿಯಿತು, ಎಂಟು ದಿನ ಉಪ್ಪುನೀರೊಳಗೆ ಮುಳುಗಿ ಬದುಕುವಷ್ಟು ಗಟ್ಟಿ ಜೀವ ಆ ಎಳೆ ಸಸಿಗೂ ಇರಲಿಲ್ಲ.

"ಮತ್ತೆ ಹಲಗೆ ಓರೆ ಹಾಕ್ದ ಅಂತ ಅಂದವರು ಯಾರು?"

"ಎಲ್ಲರೂ. ಮೊದ್ಲು ಅಂದವ ನಾನು."

"ಅವ ಹೇಳ್ಲಿಲ್ವಾ, ನಿಮ್ಮ ಮಾತಿಗೇ ತೆಗ್ದದ್ದು ಅಂತ?"

"ಹೇಳ್ದ. ಒಂದೇ ಸಲ, ದೇವಸ್ಥಾನದ ಅಂಗಳದಲ್ಲಿ ನಿಂತು ಹೇಳ್ದ. ಕೇಳೂಕೆ ಕೂತವರೆಲ್ಲ ಆ ಶೆಟ್ಲಿ ಉಂಡವರೇ. ಅವ ಹೇಳಿದ್ದು ಹೌದು ಅಂದ್ರೆ ಭತ್ತ ತಿಂದವರು ನಾವೇ ಅಂತ ಆತಲ್ಲ." ಮಾಬ್ಲ ಕತ್ತಿ ಮತ್ತೆ ಕೈಗೆ ತೆಗೆದುಕೊಂಡ. "ಎರಡನೇ ಸಲ ಹೇಳ್ಲಿಲ್ಲ. ಬಾಗ್ಲಿನ ಕೆಲಸ ಬಿಡಿಸಿದ್ರು. ಸಾಣಿಕಟ್ಟೆಗೆ ಉಪ್ಪಿನ ಕೆಲಸಕ್ಕೆ ಹೋದ, ಅಲ್ಲೇ ತೀರಿಕಂಡ."

"ನಾನು ಆ ದಿನ ಎರಡು ಸಲ ಹಾಕಿಸ್ಕಂಡಿದ್ದೆ," ಅಂದ ಅಣ್ಣಪ್ಪ. ಆಗ ಅವನಿಗೆ ಹದಿನೇಳು ವರ್ಷ.

"ಮೂರು ಸಲ," ಅಂದ ಮಾಬ್ಲ. "ಬಡಿಸಿದವ ನಾನು."

ಆ ದಿನವೂ ಮರುದಿನವೂ ಅಣ್ಣಪ್ಪ ಜಗುಲಿ ಬಿಟ್ಟು ಏಳಲಿಲ್ಲ. ಗಾದೆಯ ಅರ್ಧ ಪುಟ ಹೊಡೆದುಹಾಕಿ, ಅದರ ಜಾಗದಲ್ಲಿ ನಡೆದದ್ದೆಲ್ಲ ಬರೆದ. ಐದು ಜನ ಸಮಿತಿಯವರ ಹೆಸರು ಬರೆದ. ನರೇಶನ ಅಜ್ಜನ ಹೆಸರಿನ ಕೆಳಗೆ ಗೆರೆ ಎಳೆದ. ಊರಿನ ಕೃತಘ್ನತೆಯ ಬಗ್ಗೆ ಬರೆದ, ತಾನು ಬಸ್ಸಿನಲ್ಲಿ ಕೂಗಿದ್ದನ್ನು ಬರೆದ, ತನ್ನ ಪಶ್ಚಾತ್ತಾಪವನ್ನು ಬರೆದ, ಬರೆಯುವಾಗ ಅವನ ಕಣ್ಣಲ್ಲೇ ನೀರು ಬಂತು. ಎರಡು ಪುಟದ ಇತಿಹಾಸ ಆರು ಪುಟವಾಯಿತು.

ಅವನ ಬರಹವನ್ನು ಮೊಬೈಲಿನಲ್ಲಿ ಟೈಪು ಮಾಡಿಕೊಡುವವಳು ಸೊಸೆ ಸುಚಿತಾ. ಭಟ್ಕಳದ ಹತ್ತಿರ ಮುಟ್ಟಳ್ಳಿಯ ಹುಡುಗಿ, ಈ ಊರಿಗೆ ಬಂದು ಆರು ವರ್ಷ. ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದವಳು ಆರೂ ಪುಟ ಓದಿದಳು. ಟೈಪು ಮಾಡಲು ಶುರು ಮಾಡಲಿಲ್ಲ.

"ಎಂತ ಆತು? ಅಕ್ಷರ ತಿಳಿಯೂದಿಲ್ವಾ?"

"ಅಕ್ಷರ ಚೊಲೋ ಇದೆ ಮಾವ." ಸುಚಿತಾ ಹಾಳೆ ತಿರುವಿದಳು. "ನಿಮಗೆ ಎಷ್ಟು ಬೇಜಾರಾತು ಅಂತ ಎರಡು ಪುಟ ಇದೆ. ನರೇಶಣ್ಣನ ಅಜ್ಜ ಎಂತ ಹೇಳಿದ್ರು ಅಂತ ಒಂದು ಪುಟ ಇದೆ. ಶನಿಯಾರ ಅಜ್ಜ ಹೇಗಿದ್ರು? ಎಷ್ಟು ವರ್ಷ ಬಾಗ್ಲು ಕಾದ್ರು? ಹೇಗೆ ಕಾಯ್ತಿದ್ರು? ಅದು ಒಂದು ಸಾಲೂ ಇಲ್ಲ."

"ನಿಂಗೆ ಇತಿಹಾಸ ಬರೆಯೂದು ಗೊತ್ತಿಲ್ಲ," ಅಂದ ಅಣ್ಣಪ್ಪ.

"ಹೌದು ಮಾವ, ಗೊತ್ತಿಲ್ಲ," ಅಂತ ಅವಳು ಟೈಪು ಮಾಡತೊಡಗಿದಳು. ಅಣ್ಣಪ್ಪ ಎದ್ದು ಕಟ್ಟೆಯ ತನಕ ಹೋಗಿ, ಏನೂ ನೋಡದೆ ತಿರುಗಿ ಬಂದ.

ಭಾನುವಾರ ಹತ್ತು ಗಂಟೆಗೆ ಸಭೆ. ಶಾಲೆಯ ಸಣ್ಣ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಮಾಬ್ಲನನ್ನು ಯಾರೋ ಸ್ಕೂಟರಿನಲ್ಲಿ ಕೂರಿಸಿಕೊಂಡು ತಂದಿದ್ದರು. ಅವನಿಗೊಬ್ಬನಿಗೆ ಕುರ್ಚಿ. ನೀಲಾ ಬಾಗಿಲ ಹತ್ತಿರ, ಹೊರಗೂ ಅಲ್ಲ ಒಳಗೂ ಅಲ್ಲ ಅನ್ನುವ ಹಾಗೆ ನಿಂತಿದ್ದಳು. ವನಮಾಲಾ ಅಕ್ಕೋರು ಒಳಗೆ ಬನ್ನಿ ಅಂದರೂ "ಇಲ್ಲೇ ಗಾಳಿ ಅದೆ" ಅಂದಳು.

ಅಣ್ಣಪ್ಪ ಓದಿದ. ಕೆಸರಲ್ಲಿ ಹುಗಿದ ಸಾಹೇಬನ ಹತ್ತಿರ ಜನ ನಕ್ಕರು. ಆಗಸ್ಟ್ ಹದಿನೈದರ ಹತ್ತಿರ ನಗು ಕಮ್ಮಿಯಾಯಿತು. ಮುಂದೆ ಅವನ ದನಿ ಬಿಟ್ಟರೆ ಮಾಡಿನ ಮೇಲಿನ ಕಾಗೆಯ ಕಾಲ ಸದ್ದು ಮಾತ್ರ. ಐದು ಹೆಸರು ಓದಿದಾಗ ನರೇಶ ತನ್ನ ಅಂಗೈ ನೋಡಿಕೊಂಡ. ಓದು ಮುಗಿಯಿತು.

"ಮಾಮ," ಅಂದ ನರೇಶ. "ನಮ್ಮಜ್ಜ ಸತ್ತು ಮೂವತ್ತು ವರ್ಷ ಆತು. ಅವ ಬಂದು ಉತ್ತರ ಕೊಡ್ತನಾ?"

"ಶನಿಯಾರನೂ ಸತ್ತವನೇ. ಅವನಿಗೆ ಉತ್ತರ ಕೊಡೂಕೆ ಬಿಟ್ರಾ?"

"ನಾ ಅದು ಸುಳ್ಳು ಅಂತ ಹೇಳ್ತಾ ಇಲ್ಲ." ನರೇಶನ ಮುಖ ಕೆಂಪಾಗಿತ್ತು, ಆದರೂ ದನಿ ಏರಿಸಲಿಲ್ಲ. "ಮಾಬ್ಲಜ್ಜ ಹೇಳಿದ್ಮೇಲೆ ಹೌದೇ ಇರ್ತದೆ. ಆದ್ರೆ ಇದು ಹಬ್ಬದ ಪುಸ್ತಕ. ಶಾಲೆಗೆ ಜಾಗ ಕೊಟ್ಟವನೂ ನಮ್ಮಜ್ಜನೇ. ಅವ ಮಾಡಿದ ಒಂದು ತಪ್ಪೇ ಇನ್ನು ನೂರು ವರ್ಷ ಉಳೀಬೇಕಾ? ಒಂದು ಕೆಲಸ ಮಾಡುವಾ. ಗಾದೆನೂ ತೆಗಿ, ಇದನ್ನೂ ತೆಗಿ. ಯಾರಿಗೂ ನೋವಿಲ್ಲ."

ನ್ಯಾಯವಾದ ಮಾತು ಅಂತ ಸುಮಾರು ತಲೆಗಳು ಆಡಿದವು. ಅಣ್ಣಪ್ಪನಿಗೂ ಆ ಕ್ಷಣಕ್ಕೆ ಹಾಗೇ ಅನ್ನಿಸಿತು, ಅವನೂ ಮೊದಲು ತೆಗೆದುಬಿಡ್ತೆ ಅಂತಲೇ ಅಂದವನಲ್ಲವೇ. ವನಮಾಲಾ ಅಕ್ಕೋರು ಬಾಗಿಲ ಕಡೆ ತಿರುಗಿದರು. "ನೀಲಕ್ಕ, ನೀವು ಎಂತ ಹೇಳ್ತ್ರಿ?"

ನೀಲಾ ಸೆರಗು ಸರಿಮಾಡಿಕೊಂಡಳು.

"ಎರಡೂ ತೆಗೆದ್ರೆ ಎಂತ ಉಳೀತದೆ ಅಕ್ಕೋರೇ? ಗಾದೆಲಿ ಆದ್ರೂ ನಮ್ಮಪ್ಪ ಇದ್ದ. ಅದನ್ನೂ ತೆಗೆದ್ರೆ ಈ ಊರಲ್ಲಿ ಅವ ಇರ್ಲೇ ಇಲ್ಲ ಅಂತ ಆತು."

ನೀಲಾ ನರೇಶನ ಕಡೆ ತಿರುಗಿದಳು.

"ನರೇಶಾ, ನಿಮ್ಮಜ್ಜನ ಹೆಸ್ರು ನಂಗೆ ಬ್ಯಾಡ. ಅವ್ರು ಊರಿನ ಮರ್ಯಾದೆಗೆ ಹೇಳಿದ್ರು. ಸಾಹೇಬ್ರು ಬಂದಾಗ ಬರೀ ಸೊಪ್ಪಿನ ಸಾರು ಬಡಿಸೂಕೆ ಆಗ್ತದಾ? ಅಣ್ಣಾ, ನೀ ಬರ್ದದ್ದೂ ನಂಗೆ ಬ್ಯಾಡ. ನಮ್ಮಪ್ಪ ಒಂದು ಭರತ ಬಾಗ್ಲು ತೆಗ್ದದ್ದೇ ಅದ್ರಲ್ಲೂ ಇರೂದು. ಹತ್ತೊಂಬತ್ತು ವರ್ಷ ಅವ ಆ ಬಾಗ್ಲು ಕಾದ. ದಿನಕ್ಕೆ ಎರಡು ಭರತ, ಎರಡು ಇಳತ. ಜ್ವರ ಬಂದಾಗ್ಲೂ ಹೋದ, ನಾ ಹುಟ್ಟಿದ ದಿನವೂ ಹೋದ. ಅಷ್ಟು ವರ್ಷ ಈ ಊರು ಉಂಡ ಅಕ್ಕಿ ಆ ಹಲಗೆ ಹಿಂದೆ ಬೆಳ್ದದ್ದು. ಅದನ್ನ ಬರಿ."

ಅಷ್ಟು ಹೊತ್ತು ಕಿವಿಗೆ ಕೈ ಹಿಡಿದುಕೊಂಡು ಕೂತಿದ್ದ ಮಾಬ್ಲ ಕುರ್ಚಿಯ ಕೈ ಊರಿ ಎದ್ದ. "ಸತ್ತವರ ಹೆಸ್ರು ಬ್ಯಾಡ ಅಂದ್ರೆ ಬ್ಯಾಡ. ಹೇಳೂಕೆ ಹೋದವ ನಾನು ಇನ್ನೂ ಬದುಕೇ ಇದ್ದೆ. ನನ್ನ ಹೆಸ್ರು ಹಾಕು. ಸುಳ್ಳು ಹೇಳಿದವ ಅಂತಲೂ ಹಾಕು. ಪುಸ್ತಕ ಬರೂ ಹೊತ್ತಿಗೆ ಇರ್ತೆನೋ ಇಲ್ವೋ, ಲಗೂ ಹಾಕು."

"ನೀ ಎಲ್ಲಿ ಹೋಗ್ತೆ ಮಾರಾಯಾ, ಕರ್ಕಂಡು ಹೋಗೂಕೆ ಬಂದವರಿಗೂ ಎದುರು ಮಾತಾಡ್ತೆ ನೀ," ಅಂತ ಹಿಂದಿನಿಂದ ಯಾರೋ ಅಂದರು. ಬಿಗಿದುಕೊಂಡ ಸಭೆ ಒಂದಿಷ್ಟು ಸಡಿಲಾಯಿತು.

ನರೇಶ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಮಾಬ್ಲಜ್ಜ ಒಬ್ಬನ ಹೆಸ್ರು ಎಂತಕ್ಕೆ? ಊರವರೇ ಹೇಳಿ ಬಾಗ್ಲು ತೆಗೆಸಿದ್ರು, ಊರವರೇ ಅವನ ಮೇಲೆ ತಪ್ಪು ಹೊರಿಸಿದ್ರು, ಅಂತ ಬರಿ ಮಾಮ. ಅದು ಸರಿಯಾದ್ದು." ಟವೆಲು ತಿರುಗಿ ಹೆಗಲಿಗೆ ಹಾಕಿಕೊಂಡು ಅಂದ: "ನಮ್ಮಜ್ಜ ಊರವರಲ್ಲಿ ಒಬ್ಬ."

ಅಣ್ಣಪ್ಪ ನೀಲಾಳ ಮುಖ ನೋಡಿದ. ಅವಳು ಹೊಸಿಲು ದಾಟಿ ಒಳಗೆ ಬಂದು ಬೆಂಚಿನ ತುದಿಗೆ ಕೂತಳು.

ಅವನು ಆರು ಪುಟದಲ್ಲಿ ನಾಲ್ಕನ್ನು ಮಡಚಿ ಕಿಸೆಗೆ ಹಾಕಿಕೊಂಡ. ನರೇಶ ಹೇಳಿದ ಆ ಒಂದು ಸಾಲನ್ನು ಇದ್ದ ಹಾಗೇ ಬರೆದ. ಆಮೇಲೆ ಒಂದು ಖಾಲಿ ಹಾಳೆ ತೆಗೆದು ಬೆಂಚಿನ ಮೇಲಿಟ್ಟು, ಟಿಕೆಟ್ ಕೇಳುವ ದನಿಯಲ್ಲಲ್ಲ, ತಾನು ಮೊದಲ ಸಲ ಹೋಗುವ ಊರಿನ ದಾರಿ ಕೇಳುವವನ ದನಿಯಲ್ಲಿ ಕೇಳಿದ. "ನೀಲಾ, ಬಾಗ್ಲಿಗೆ ಹೋದಾಗ ನಿಮ್ಮಪ್ಪ ಮೊದ್ಲು ಎಂತ ಮಾಡ್ತಿದ್ದ?"

"ಮೊದ್ಲು ನೀರಿಗೆ ಕೈ ಹಾಕ್ತಿದ್ದ. ಹಾಕಿ ನೆಕ್ಕಿ ನೋಡ್ತಿದ್ದ. ಉಪ್ಪು ಕಮ್ಮಿ ಇದ್ರೆ ಘಟ್ಟದ ನೀರು ಇಳೀತಾ ಅದೆ, ಇವತ್ತು ಹಲಗೆ ಒಂದು ಹೆಚ್ಚು ಬೇಕು, ಅಂತಿದ್ದ. ಕೆಳಗಿನ ಹಲಗೆಗೆ ಹೆಸರಿಟ್ಟಿದ್ದ, ಅಮ್ಮ ಅಂತ. ಅಮ್ಮ ಸರಿ ಕೂತ್ರೆ ಮೇಲಿನವು ತಾವೇ ಕೂತ್ಕಂತವೆ, ಅಂತಿದ್ದ."

"ಆಮೇಲೆ?"

"ಆಮೇಲೆ ಸಂದಿಗೆ ಮಣ್ಣು. ಗದ್ದೆ ಬದಿಯ ಮಣ್ಣೇ ಆಗ್ಬೇಕು, ಹೊಳೆ ಬದಿದು ಕೂತ್ಕಳೂದಿಲ್ಲ. ಅದಕ್ಕೆ ಹುಲ್ಲು ಸೇರ್ಸಿ ತುಳೀಬೇಕು."

"ಹುಲ್ಲಲ್ಲ, ಬಾಳೆ ನಾರು," ಅಂದ ಮಾಬ್ಲ.

"ನೀ ಸುಮ್ನಿರು ಮಾಬ್ಲಣ್ಣ. ತುಳಿದವಳು ನಾನು."

ಸಭೆ ನಕ್ಕಿತು. ಹಿಂದಿನ ಬೆಂಚಿನ ಒಬ್ಬ ಮುದುಕ, ಶನಿಯಾರ ಕಟ್ಟೆ ಮೇಲೆ ನಡೆಯುವಾಗ ಏಡಿ ಬಿಲ ಕಂಡಲ್ಲೆಲ್ಲ ಹಿಮ್ಮಡಿ ಊರಿ ಮುಚ್ಚುತ್ತ ಹೋಗುತ್ತಿದ್ದ ಅಂತ ನೆನಪು ಮಾಡಿದ. ಇನ್ನೊಬ್ಬಳು, ಹಲಗೆ ಹಾಕಿ ಆಯಿತೆಂದು ಕಟ್ಟೆ ಮೇಲಿಂದ ಅವನು ಹಾಕುತ್ತಿದ್ದ ಕೂಗಿಗೇ ತಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿದ್ದರು ಅಂದಳು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು, ಸಣ್ಣಕುರ್ವೆಯ ಪದ್ಧತಿಯಂತೆ ಯಾರೂ ಯಾರದ್ದನ್ನೂ ಕೇಳದೆ.

ವನಮಾಲಾ ಅಕ್ಕೋರು ಎದ್ದು ಹೊರಗೆ ಹೋಗಿ, ಹೊನ್ನಾವರದ ಪ್ರೆಸ್ಸಿನವರಿಗೆ ಫೋನು ಹಚ್ಚಿ, ಪುಟ ಹೆಚ್ಚಾಗುತ್ತದೆ, ಎಷ್ಟೆಂದು ಈಗ ಹೇಳಲಿಕ್ಕಾಗುವುದಿಲ್ಲ ಅನ್ನುತ್ತಿದ್ದರು.

ಒಳಗೆ ಗದ್ದಲದ ನಡುವೆ ನೀಲಾ ಬೆಂಚಿನ ಮೇಲೆ ಬಾಗಿ, ಅಣ್ಣಪ್ಪನ ಪೆನ್ನಿನ ವೇಗಕ್ಕೆ ಸರಿಯಾಗಿ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. ಓದಲು ಬಾರದ ಅವಳು ಹಾಳೆಯ ಮೇಲೆ ಸಾಲು ಮೂಡುವುದನ್ನು ನೋಡಿಕೊಂಡು, ಅವನ ಕೈ ನಿಂತಾಗಲೆಲ್ಲ ಕೇಳುತ್ತಿದ್ದಳು.

"ಬರ್ಕಂಡ್ಯಾ?"

"ಬರ್ಕಂಡೆ. ಹೇಳು."